ಬಯಲಿನ ದೆಬೋದ್, ಗಾಜಿನೊಳಗಿನ ದೆಂದೂರ್: ಊರು ಬಿಟ್ಟು ಬಂದ ಈಜಿಪ್ಟ್ ಗುಡಿಗಳಲ್ಲಿ ಯಾವುದನ್ನು ನೋಡಬೇಕು?

ಮ್ಯಾಡ್ರಿಡ್‌ನಲ್ಲಿರುವ ದೆಬೋದ್ ಗುಡಿಯ ಹತ್ತಿರ ಹೋಗಿ ನಿಂತರೆ ಗೋಡೆಯಲ್ಲಿ ಎರಡು ಬಗೆಯ ಕಲ್ಲು ಕಾಣುತ್ತವೆ. ಒಂದು ಕಂದು ತಿರುಗಿದ ಮರಳುಗಲ್ಲು. ಅದರ ಅಂಚುಗಳು ಸವೆದು ದುಂಡಗಾಗಿವೆ. ಬೆರಳು ತಾಗಿಸಿದರೆ ಪುಡಿ ಉದುರೀತೇನೋ ಅನ್ನಿಸುತ್ತದೆ. ಅದು ನೈಲ್ ದಂಡೆಯಿಂದ ಬಂದದ್ದು. ಇನ್ನೊಂದು ತಿಳಿ ಬಣ್ಣದ, ನೇರ ಅಂಚಿನ ಕಲ್ಲು. ಅದು ಸ್ಪೇನ್‌ನದೇ. ಕಳೆದುಹೋದ ಜಾಗಗಳನ್ನು ತುಂಬಲು ಗುಡಿಯನ್ನು ಮತ್ತೆ ಕಟ್ಟುವಾಗ ಸೇರಿಸಿದ್ದು. ಹಳೆಯದು ಯಾವುದು, ಹೊಸದು ಯಾವುದು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡನ್ನೂ ಬೆರೆಸಿ ಮುಚ್ಚಿಡದೆ ಹೀಗೆ ತೆರೆದಿಟ್ಟಿರುವುದು ನನಗೆ ತುಂಬಾ ಹಿಡಿಸಿತು.

ಯುರೋಪ್ ಪ್ರವಾಸಕ್ಕೆ ಹೊರಟ ಪರಿಚಯದವರು ಈ ಗುಡಿಯ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ. ನ್ಯೂಯಾರ್ಕ್‌ನಲ್ಲಿ ಇಂಥದ್ದೇ ಒಂದನ್ನು ನೋಡಿದ್ದೇವೆ, ಇದನ್ನೂ ನೋಡಬೇಕಾ? ಸಂಜೆ ಸೂರ್ಯಾಸ್ತಕ್ಕೆ ಹೋದರೆ ಸಾಕಲ್ವಾ? ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ, ಸಾಲದು. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಇವು ಊರು ಬಿಟ್ಟಿದ್ದು ಯಾಕೆ

ಅಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟಲು ಈಜಿಪ್ಟ್ ತೀರ್ಮಾನ ಮಾಡಿದಾಗ, ಅದರ ದಕ್ಷಿಣಕ್ಕಿದ್ದ ನುಬಿಯಾ ಸೀಮೆಯ ದೊಡ್ಡ ಭಾಗ ಮುಳುಗುವುದು ಖಚಿತವಾಯಿತು. ಊರುಗಳು, ತೋಟಗಳು, ಗೋರಿಗಳು, ಗುಡಿಗಳು, ಎಲ್ಲವೂ. 1960ರ ಮಾರ್ಚ್ 8ರಂದು ಯುನೆಸ್ಕೊ ಜಗತ್ತಿನ ಸಹಾಯ ಕೇಳಿತು. ಹತ್ತಾರು ದೇಶಗಳು ಹಣ ಕೊಟ್ಟವು, ತಂಡ ಕಳಿಸಿದವು. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆ ಕೂಡ ಬಿ.ಬಿ. ಲಾಲ್ ಅವರ ನೇತೃತ್ವದಲ್ಲಿ 1961-62ರಲ್ಲಿ ನುಬಿಯಾಕ್ಕೆ ಹೋಗಿ ಅಗೆತ ನಡೆಸಿತ್ತು. ಅಬು ಸಿಂಬೆಲ್ ಗುಡಿಗಳನ್ನು ಗುಡ್ಡದಿಂದ ಕೊಯ್ದು ತೆಗೆದು, ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ 1968ರಲ್ಲಿ ಮುಗಿಸಿದರು. ಜಾಸ್ತಿ ನೆರವಾದ ದೇಶಗಳಿಗೆ ಈಜಿಪ್ಟ್ ಚಿಕ್ಕ ಗುಡಿಗಳನ್ನು ಕೃತಜ್ಞತೆಯಿಂದ ಕೊಟ್ಟಿತು. ಅಮೆರಿಕಕ್ಕೆ ದೆಂದೂರ್, ಸ್ಪೇನ್‌ಗೆ ದೆಬೋದ್, ನೆದರ್ಲೆಂಡ್ಸ್‌ಗೆ ತಾಫೆ, ಇಟಲಿಗೆ ಎಲ್ಲೆಸಿಯಾ. ಜರ್ಮನಿಗೆ ಕಲಬ್ಷಾ ಗುಡಿಯ ಒಂದು ಬಾಗಿಲು ಹೋಯಿತು.

ಅಂದರೆ ಇವು ಕದ್ದು ತಂದವಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಯುರೋಪಿನ ಮ್ಯೂಸಿಯಂಗಳಲ್ಲಿ ಎಷ್ಟೋ ಸಲ ಬೇರೆ ದೇಶದ ದೇವರ ಮುಂದೆ ನಿಂತಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಇಲ್ಲಿ ಆ ಕಸಿವಿಸಿ ಇಲ್ಲ. ಬೇರೆ ಒಂದು ನೋವಿದೆ. ಗುಡಿ ಉಳಿಯಿತು, ಅದರ ಸುತ್ತ ಬದುಕಿದ್ದ ನುಬಿಯಾದ ಊರುಗಳು ಉಳಿಯಲಿಲ್ಲ. ಕೆಆರ್‌ಎಸ್ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ದೆಬೋದ್: ಆಕಾಶದ ಕೆಳಗೆ

ದೆಬೋದ್‌ನ ಮೂಲ ಜಾಗ ಅಸ್ವಾನ್‌ನಿಂದ ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರ್. ಮೊದಲು ಇದನ್ನು ಶುರು ಮಾಡಿದ್ದು ಈಜಿಪ್ಟಿನ ದೊರೆಯಲ್ಲ, ನುಬಿಯಾದ ಮೆರೊಯೆ ರಾಜ್ಯದ ರಾಜ ಆದಿಖಲಮಾನಿ. ಕ್ರಿ.ಪೂ. 2ನೇ ಶತಮಾನದ ಆರಂಭದಲ್ಲಿ ಅಮುನ್ ದೇವರಿಗೆ ಒಂದೇ ಕೋಣೆಯ ಗುಡಿ ಕಟ್ಟಿಸಿದ. ಆಮೇಲೆ ಈಜಿಪ್ಟ್ ಆಳುತ್ತಿದ್ದ ಗ್ರೀಕ್ ಮೂಲದ ಟಾಲೆಮಿ ವಂಶದವರು ಸುತ್ತ ಬೆಳೆಸಿದರು. ಐಸಿಸ್ ದೇವಿಯೂ ಸೇರಿಕೊಂಡಳು. ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದಲ್ಲೂ ಅಲಂಕಾರ ಮುಂದುವರಿಯಿತು. ಒಬ್ಬರು ಗರ್ಭಗುಡಿ, ಇನ್ನೊಬ್ಬರು ಮಂಟಪ, ಮತ್ತೊಬ್ಬರು ಗೋಪುರ ಕಟ್ಟಿಸಿದ ನಮ್ಮ ಕಡೆಯ ದೇವಸ್ಥಾನಗಳ ಹಾಗೆಯೇ ಇದೂ ಬೆಳೆದದ್ದು.

1902ರ ಹಳೆಯ ಅಸ್ವಾನ್ ಅಣೆಕಟ್ಟೆಯಿಂದಲೇ ದೆಬೋದ್ ವರ್ಷದ ಬಹುಭಾಗ ನೀರಿನಲ್ಲಿ ನಿಲ್ಲತೊಡಗಿತ್ತು. ಗೋಡೆಯ ಬಣ್ಣ ಹೋಗಿದ್ದು ಆಗಲೇ. 1960ರ ಹೊತ್ತಿಗೆ ಬಿಚ್ಚಿದ ಕಲ್ಲುಗಳು ವರ್ಷಗಟ್ಟಲೆ ಅಸ್ವಾನ್‌ನ ಎಲಿಫೆಂಟೈನ್ ದ್ವೀಪದಲ್ಲಿ ರಾಶಿ ಬಿದ್ದಿದ್ದವು. 1970ರಲ್ಲಿ ಅಲೆಕ್ಸಾಂಡ್ರಿಯಾದಿಂದ ಹಡಗು ಹತ್ತಿ ವೆಲೆನ್ಸಿಯಾಕ್ಕೆ ಬಂದು, ಅಲ್ಲಿಂದ ಮ್ಯಾಡ್ರಿಡ್ ಸೇರಿದವು. ಅಷ್ಟರಲ್ಲಿ ಕೆಲವು ಕಲ್ಲುಗಳ ಮೇಲಿನ ನಂಬರು ಅಳಿಸಿಹೋಗಿತ್ತು. ಸ್ಪೇನ್‌ನ ಪುರಾತತ್ವಜ್ಞ ಮಾರ್ಟಿನ್ ಅಲ್ಮಾಗ್ರೊ ಅವರ ತಂಡ ಹಳೆಯ ಫೋಟೊ, ನಕ್ಷೆಗಳನ್ನು ಮುಂದಿಟ್ಟುಕೊಂಡು ಜೋಡಿಸಬೇಕಾಯಿತು. 1972ರ ಜುಲೈ 20ರಂದು ಜನರಿಗೆ ತೆರೆಯಿತು. ಗುಡಿಯ ಮುಂದೆ ಸಾಲಾಗಿ ನಿಂತಿರುವ ಎರಡು ಕಲ್ಲಿನ ಬಾಗಿಲುಗಳನ್ನು ಗಮನಿಸಿ. ಮೂಲದಲ್ಲಿದ್ದ ಕ್ರಮದಲ್ಲಿ ಅವು ಇಲ್ಲ. ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಎರಡು ಹಾವುಗಳ ನಡುವೆ ಸೂರ್ಯಬಿಂಬ ಕೆತ್ತಿರುವ ಬಾಗಿಲು ಈಗ ಗುಡಿಗೆ ಹತ್ತಿರ ಇದೆ, ಆಗ ಇರಲಿಲ್ಲ.

ಒಂದು ವಿಷಯವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ, ಅದು ದಿಕ್ಕು. ನೈಲ್ ದಂಡೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದ ಹಾಗೆಯೇ ಇಲ್ಲಿಯೂ ನಿಲ್ಲಿಸಿದ್ದಾರೆ. ಈ ಗುಡಿಯನ್ನು ಯಾವಾಗ ನೋಡಬೇಕು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಬೆಳಗ್ಗೆಯೋ, ಸಂಜೆಯೋ

ಸಂಜೆ ಎಲ್ಲರೂ ಪೂರ್ವದ ತುದಿಯಲ್ಲಿ, ನೀರಿನ ಕೊಳದ ಈಚೆ ನಿಲ್ಲುತ್ತಾರೆ. ಸೂರ್ಯ ಗುಡಿಯ ಹಿಂದೆ ಇಳಿಯುತ್ತಾನೆ. ಆಕಾಶ ಕೆಂಪಾಗುತ್ತದೆ, ಎರಡು ಬಾಗಿಲುಗಳು ನೀರಿನಲ್ಲಿ ಕಾಣುತ್ತವೆ. ಫೋಟೊ ಬಹಳ ಚೆನ್ನಾಗಿ ಬರುತ್ತದೆ, ನಿಜ. ಆದರೆ ಆಗ ನೀವು ನೋಡುತ್ತಿರುವುದು ಗುಡಿಯ ಕಪ್ಪು ನೆರಳನ್ನು. ಕಲ್ಲಿನ ಎರಡು ಬಣ್ಣ ಕಾಣುವುದಿಲ್ಲ. ಕಂಬದ ಮೇಲಿನ ಎಲೆ, ಹೂವಿನ ಕೆತ್ತನೆ ಕಾಣುವುದಿಲ್ಲ. ಒಳಗಡೆ ಬಾಗಿಲು ಹಾಕಿರುವ ಹೊತ್ತೂ ಆಗಿರಬಹುದು. ಜೂನ್‌ನಲ್ಲಂತೂ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಮುಕ್ಕಾಲು ಹತ್ತರ ಸುಮಾರಿಗೆ.

ಬೆಳಗ್ಗೆ ಇದು ಪೂರ್ತಿ ಬೇರೆ ಗುಡಿ. ಬಿಸಿಲು ನೇರವಾಗಿ ಮುಖದ ಮೇಲೆ ಬೀಳುತ್ತದೆ. ನಾಲ್ಕು ಕಂಬಗಳು ಹಿಂದಿನ ಗೋಡೆಯ ಮೇಲೆ ನೆರಳು ಚೆಲ್ಲುತ್ತವೆ. ನಾನು ಎರಡನೇ ಸಲ ಹೋದದ್ದು ಅಕ್ಟೋಬರಿನ ಒಂದು ಬೆಳಗ್ಗೆ. ಪಾರ್ಕಿನಲ್ಲಿ ನಾಯಿ ಓಡಾಡಿಸುವವರು, ಬೆಂಚಿನ ಮೇಲೆ ಪೇಪರ್ ಓದುವ ಅಜ್ಜ, ಅಷ್ಟೇ ಜನ. ಬಾಗಿಲುಗಳ ನಡುವಿನ ಕಲ್ಲುದಾರಿಯಲ್ಲಿ ನಿಂತು ಮುಂದೆ ನೋಡಿದರೆ ಒಂದು ಬಾಗಿಲಿನ ಚೌಕಟ್ಟಿನೊಳಗೆ ಇನ್ನೊಂದು ಬಾಗಿಲು, ಅದರೊಳಗೆ ಗುಡಿಯ ಕತ್ತಲು. ಬೆಳಕಿನಿಂದ ಕತ್ತಲಿಗೆ, ಅಗಲದಿಂದ ಕಿರಿದಕ್ಕೆ ಹೋಗುವ ಈ ದಾರಿ ಗರ್ಭಗುಡಿಯ ಮುಂದೆ ನಿಂತು ಬೆಳೆದ ನಮಗೆ ಹೊಸದಲ್ಲ. ನಾನು ಗೊತ್ತಿಲ್ಲದೆಯೇ ಚಪ್ಪಲಿ ಬಿಡಲು ಬಗ್ಗಿದ್ದೆ.

ಒಳಗೆ ತಪ್ಪದೆ ನೋಡಬೇಕಾದದ್ದು ಆದಿಖಲಮಾನಿಯ ಕೋಣೆ. ಎಲ್ಲಕ್ಕಿಂತ ಹಳೆಯ ಭಾಗ ಅದೇ. ಗೋಡೆಗಳಲ್ಲಿ ರಾಜ ದೇವರುಗಳಿಗೆ ಒಂದೊಂದೇ ನೈವೇದ್ಯ ಅರ್ಪಿಸುವ ಚಿತ್ರಗಳಿವೆ. ಬಣ್ಣ ಇಲ್ಲದ್ದರಿಂದ ಗೆರೆಗಳು ತೆಳುವಾಗಿ ಕಾಣುತ್ತವೆ. ಎದುರು ನಿಂತರೆ ಏನೂ ಇಲ್ಲ ಅನ್ನಿಸಬಹುದು. ಒಂದು ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಮೊದಲು ಒಂದು ತೋಳು, ಆಮೇಲೆ ಕಿರೀಟ, ಆಮೇಲೆ ಪೂರ್ತಿ ಆಕೃತಿ ಎದ್ದು ಬರುತ್ತದೆ. ಇದಕ್ಕೆ ಎರಡು ನಿಮಿಷ ಬೇಕು. ಬಹಳ ಜನ ಇಪ್ಪತ್ತು ಸೆಕೆಂಡಿನಲ್ಲಿ ಹೊರಗೆ ಬಂದುಬಿಡುತ್ತಾರೆ. ಮೇಲಿನ ಮಾಳಿಗೆಯ ಚಿಕ್ಕ ಪ್ರದರ್ಶನದಲ್ಲಿ ನುಬಿಯಾದ ಗುಡಿಗಳ ಪರಿಚಯ ಇದೆ.

ಪ್ರವೇಶ ಉಚಿತ. ಆದರೆ ಒಳಗಿನ ಕೋಣೆಗಳು ಇಕ್ಕಟ್ಟು, ಒಂದು ಸಲಕ್ಕೆ ಕೆಲವೇ ಜನರನ್ನು ಬಿಡುತ್ತಾರೆ. ಸೋಮವಾರ ಒಳಗೆ ಪ್ರವೇಶ ಇಲ್ಲ. ನನ್ನ ಮೊದಲ ಭೇಟಿ ಸೋಮವಾರವೇ ಆಗಿತ್ತು. ಅಷ್ಟು ದೂರ ಹೋಗಿ ಹೊರಗಿನಿಂದಲೇ ಬಂದೆ. ಆ ಬೇಸರ ಹೋಗಲು ಇನ್ನೊಂದು ಪ್ರವಾಸವೇ ಬೇಕಾಯಿತು. ದುರಸ್ತಿಗೂ ಆಗಾಗ ಮುಚ್ಚುತ್ತಾರೆ, ಕೊಳದ ನೀರನ್ನೂ ಕೆಲವೊಮ್ಮೆ ಖಾಲಿ ಮಾಡಿರುತ್ತಾರೆ. ಹಾಗಾಗಿ ಹೊರಡುವ ಹಿಂದಿನ ದಿನ ಮ್ಯಾಡ್ರಿಡ್ ನಗರಾಡಳಿತದ ಜಾಲತಾಣ ನೋಡಿ, ಸಾಧ್ಯವಾದರೆ ಸಮಯ ಕಾಯ್ದಿರಿಸಿ. ಮೆಟ್ರೊದಲ್ಲಾದರೆ ಪ್ಲಾಸಾ ದೆ ಎಸ್ಪಾನ್ಯಾ ಅಥವಾ ವೆಂತೂರಾ ರೊಡ್ರಿಗೆಸ್ ನಿಲ್ದಾಣದಲ್ಲಿ ಇಳಿಯಿರಿ. ಎರಡೂ ನಡೆಯುವಷ್ಟೇ ದೂರ.

ಒಂದೇ ಸಲ ಹೋಗಲು ಆಗುವುದಾದರೆ ಬೆಳಗ್ಗೆ ಹೋಗಿ. ಎರಡು ಸಲ ಆಗುವುದಾದರೆ ಬೆಳಗ್ಗೆ ಗುಡಿಗೆ, ಸಂಜೆ ಆಕಾಶಕ್ಕೆ. ಸಂಜೆ ಹೋದಾಗ ಗುಡಿಯ ಹಿಂಬದಿಯ ಕಟ್ಟೆಗೂ ಹೋಗಿ. ಅಲ್ಲಿಂದ ಅರಮನೆ, ಅಲ್ಮುದೇನಾ ಚರ್ಚ್, ಕಾಸಾ ದೆ ಕಾಂಪೊ ಪಾರ್ಕಿನ ಮರಗಳು, ದೂರದ ಬೆಟ್ಟಸಾಲು ಎಲ್ಲ ಕಾಣುತ್ತವೆ.

ದೆಂದೂರ್: ಗಾಜಿನ ಮನೆಯಲ್ಲಿ

ನ್ಯೂಯಾರ್ಕ್‌ನ ದೆಂದೂರ್ ಗುಡಿ ಸೆಂಟ್ರಲ್ ಪಾರ್ಕ್ ಅಂಚಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಳಗಿದೆ. ಅಮೆರಿಕಕ್ಕೆ ಇದು ಸಿಕ್ಕಿದ್ದು 1965ರಲ್ಲಿ. 661 ಪೆಟ್ಟಿಗೆ, 800 ಟನ್ನಿಗೂ ಮೀರಿದ ತೂಕ. ಯಾವ ಊರಿಗೆ ಕೊಡಬೇಕು ಎಂದು ದೊಡ್ಡ ಪೈಪೋಟಿಯೇ ನಡೆಯಿತು. ವಾಷಿಂಗ್ಟನ್‌ನವರು ಪೊಟೊಮ್ಯಾಕ್ ನದಿಯ ದಡದಲ್ಲಿ ಬಯಲಿನಲ್ಲೇ ನಿಲ್ಲಿಸೋಣ ಅಂದರು. ಚಳಿ ಮತ್ತು ಮಳೆಗೆ ಮರಳುಗಲ್ಲು ಉಳಿಯುವುದಿಲ್ಲ ಎಂದು ಅದನ್ನು ಒಪ್ಪಲಿಲ್ಲ. 1967ರಲ್ಲಿ ಮೆಟ್ರೊಪಾಲಿಟನ್‌ಗೆ ಕೊಟ್ಟರು. ಅದಕ್ಕಾಗಿಯೇ ಕಟ್ಟಿದ ದೊಡ್ಡ ಹಾಲ್ 1978ರಲ್ಲಿ ತೆರೆಯಿತು. ಮುಂದಿನ ನೀರಿನ ಕೊಳ ನೈಲ್ ನದಿಯನ್ನೂ, ಹಿಂದಿನ ಇಳಿಜಾರು ಗೋಡೆ ಅಲ್ಲಿದ್ದ ಬಂಡೆಯನ್ನೂ ನೆನಪಿಸುವಂತೆ ಮಾಡಿದ್ದಾರೆ. ಒಂದು ಬದಿ ಪೂರ್ತಿ ಗಾಜು, ಆಚೆ ಪಾರ್ಕಿನ ಮರಗಳು.

ಕೆತ್ತನೆ ನೋಡುವುದಕ್ಕೆ ನಾಲ್ಕರಲ್ಲಿ ಇದೇ ಉತ್ತಮ, ಅನುಮಾನ ಬೇಡ. ಆಗಸ್ಟಸ್ ಕಾಲದಲ್ಲಿ, ಕ್ರಿ.ಪೂ. 15ರ ಸುಮಾರಿಗೆ ಕಟ್ಟಿಸಿದ್ದು. ಗೋಡೆಯಲ್ಲಿ ಆಗಸ್ಟಸ್ ಫೇರೋ, ಅಂದರೆ ಈಜಿಪ್ಟ್ ದೊರೆಯ ವೇಷದಲ್ಲಿ ದೇವರಿಗೆ ಕೈ ನೀಡಿ ನಿಂತಿದ್ದಾನೆ. ಐಸಿಸ್ ಜೊತೆಗೆ ಇಲ್ಲಿ ಪೂಜೆ ಸಲ್ಲುತ್ತಿದ್ದದ್ದು ಪೆದೆಸಿ, ಪಿಹೋರ್ ಎಂಬ ಅಣ್ಣತಮ್ಮಂದಿರಿಗೆ. ಅವರು ನುಬಿಯಾದ ಒಬ್ಬ ನಾಯಕನ ಮಕ್ಕಳು, ನೈಲ್‌ನಲ್ಲಿ ಮುಳುಗಿ ತೀರಿಕೊಂಡು ದೇವರಾದವರು ಎಂದು ನಂಬಿಕೆ. ಸತ್ತ ವೀರರನ್ನು ಊರೇ ದೇವರು ಮಾಡಿಕೊಳ್ಳುವುದು ನಮ್ಮಲ್ಲೂ ಉಂಟಲ್ವಾ? ಗೋಡೆಯ ಬುಡದಲ್ಲಿ ನೀರಿನಿಂದ ಎದ್ದು ಬಂದಂತೆ ಪಪೈರಸ್ ಜೊಂಡು ಮತ್ತು ತಾವರೆ ಕೆತ್ತಿದ್ದಾರೆ. ಮಕ್ಕಳ ಕಣ್ಣಿನ ಮಟ್ಟಕ್ಕೆ ಅದು ಸರಿಯಾಗಿ ಸಿಗುತ್ತದೆ.

ಇನ್ನೊಂದು ಗುರುತನ್ನು ಹುಡುಕಿ ನೋಡಿ. 19ನೇ ಶತಮಾನದ ಪ್ರವಾಸಿಗಳು ಗೋಡೆಯ ಮೇಲೆ ಹೆಸರು ಕೊರೆದು ಹೋಗಿದ್ದಾರೆ. ಅದರಲ್ಲಿ ಒಬ್ಬ ನ್ಯೂಯಾರ್ಕ್‌ನ ಎಲ್. ಬ್ರಾಡಿಶ್, ಇಸವಿ 1821. ಆತ ಹೆಸರು ಕೆತ್ತಿದ ಗುಡಿ ಒಂದೂವರೆ ಶತಮಾನದ ಮೇಲೆ ಆತನ ಊರಿಗೇ ಬಂತು. ಗೋಡೆ ಕೊರೆದದ್ದು ಸರಿಯಲ್ಲ. ಆದರೂ ಆ ಅಕ್ಷರಗಳ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ.

ದೆಂದೂರ್‌ನಲ್ಲಿ ಕೊರತೆ ಅಂದರೆ ಗಾಳಿ. ಹಾಲ್‌ನಲ್ಲಿ ಮಾತು ಗುಂಯ್‌ಗುಡುತ್ತದೆ, ಗುಂಪು ಗುಂಪಾಗಿ ಜನ ಬರುತ್ತಾರೆ. ಗುಡಿಗೆ ಬಿಸಿಲಿದೆ, ಬಿಸಿ ಇಲ್ಲ. ಟಿಕೆಟ್ ಹೊರಗಿನ ದೊಡ್ಡವರಿಗೆ 30 ಡಾಲರ್, 12 ವರ್ಷದ ಒಳಗಿನ ಮಕ್ಕಳಿಗೆ ಇಲ್ಲ. ನ್ಯೂಯಾರ್ಕ್ ರಾಜ್ಯದಲ್ಲೇ ಇರುವ ನಮ್ಮವರು ಕೈಲಾದಷ್ಟು ಕೊಟ್ಟು ಒಳಗೆ ಹೋಗಬಹುದು. ಬುಧವಾರ ರಜೆ. ಶುಕ್ರವಾರ ಮತ್ತು ಶನಿವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಆ ಕೊನೆಯ ಹೊತ್ತಿನಲ್ಲೇ ಹೋಗಿ. ಗಾಜಿನ ಆಚೆ ಕತ್ತಲಾದ ಮೇಲೆ ಜನವೂ ಕಡಿಮೆ, ದೀಪದ ಬೆಳಕಿನಲ್ಲಿ ಗೆರೆಗಳೂ ಚೆನ್ನಾಗಿ ಕಾಣುತ್ತವೆ.

ಉಳಿದ ಎರಡು

ತಾಫೆ ಗುಡಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ, ಪ್ರಾಚೀನ ವಸ್ತುಗಳ ರಾಷ್ಟ್ರೀಯ ಮ್ಯೂಸಿಯಂನ ಪ್ರವೇಶದ ಹಾಲ್‌ನಲ್ಲೇ ಇದೆ. 1979ರಲ್ಲಿ ಇಲ್ಲಿ ನಿಂತಿತು. ಗುಡಿಯನ್ನು ನೋಡಲು ಟಿಕೆಟ್ ಬೇಡ. ಜನ ಉಚಿತವಾಗಿ ನೋಡುವಂತಿರಬೇಕು ಎಂಬ ಮಾತಿನ ಮೇಲೆಯೇ ಇದನ್ನು ಕೊಟ್ಟದ್ದು. ಚಿಕ್ಕ ಗುಡಿ, ಕೆತ್ತನೆಯೂ ಕಡಿಮೆ. ಒಂದು ಕಾಲದಲ್ಲಿ ಚರ್ಚ್ ಕೂಡ ಆಗಿತ್ತು. ಇದಕ್ಕೆಂದೇ ವಿಮಾನ ಹತ್ತಬೇಡಿ. ಆದರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಮಧ್ಯಾಹ್ನ ಬಿಡುವಿದ್ದರೆ ರೈಲಿನಲ್ಲಿ ಸುಮಾರು 35 ನಿಮಿಷ. ನೆದರ್ಲೆಂಡ್ಸ್‌ನಲ್ಲಿ ಕೆಲಸದಲ್ಲಿರುವ ನಮ್ಮವರು ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಲು ಒಳ್ಳೆಯ ಜಾಗ. ಕೂರಲು ಸ್ಥಳ ಇದೆ, ಮೆಟ್ಟಿಲು ಹತ್ತುವ ಕಷ್ಟ ಇಲ್ಲ.

ಎಲ್ಲೆಸಿಯಾ ಇರುವುದು ಟುರಿನ್‌ನ ಈಜಿಪ್ಟ್ ಮ್ಯೂಸಿಯಂನಲ್ಲಿ. ವಯಸ್ಸಿನಲ್ಲಿ ನಾಲ್ಕರಲ್ಲಿ ಇದೇ ಹಿರಿಯದು. ಫೇರೋ ಮೂರನೇ ಥುಟ್‌ಮೋಸ್ ಕಾಲದಲ್ಲಿ, ಅಂದರೆ ಉಳಿದವುಗಳಿಗಿಂತ ಸಾವಿರ ವರ್ಷಕ್ಕೂ ಮುಂಚೆ, ಬಂಡೆಯನ್ನು ಕೊರೆದು ಮಾಡಿದ ಗುಹೆಗುಡಿ. ಹಾಗಾಗಿ ಹೊರಗಿನ ಆಕಾರ ಅನ್ನುವುದು ಹೆಚ್ಚೇನಿಲ್ಲ, ಒಳಗೇ ಎಲ್ಲ. ಬಂಡೆಯನ್ನು 66 ತುಂಡಾಗಿ ಕೊಯ್ದು ತಂದರು. ಬಾದಾಮಿಯ ಗುಹೆಗಳನ್ನು ಪ್ರೀತಿಯಿಂದ ನೋಡಿದವರು ಇದನ್ನು ಬಿಡಬಾರದು. ಆ ಮ್ಯೂಸಿಯಂಗೇ ಒಂದು ಪೂರ್ತಿ ದಿನ ಬೇಕು. ಗುಡಿಯನ್ನು ಕೊನೆಗೆ ಇಟ್ಟುಕೊಂಡರೆ ಸುಸ್ತಾಗಿರುತ್ತೀರಿ, ಮೊದಲೇ ನೋಡಿಬಿಡಿ.

ಹಾಗಾದರೆ ಯಾವುದು?

ಕಲ್ಲಿನ ಕೆಲಸವನ್ನು ಹತ್ತಿರದಿಂದ, ನಿಧಾನವಾಗಿ ನೋಡುವ ಆಸೆಯಿದ್ದರೆ ದೆಂದೂರ್. ಅಮೆರಿಕದಲ್ಲಿರುವವರಿಗೆ ಅದು ಸುಲಭವೂ ಹೌದು. ಊರಿಂದ ಹೊರಟು ಒಂದೇ ಷೆಂಗೆನ್ ವೀಸಾದಲ್ಲಿ ಸುತ್ತುವವರಿಗೆ ಮ್ಯಾಡ್ರಿಡ್, ಲೈಡನ್, ಟುರಿನ್ ಮೂರೂ ಸಿಗುತ್ತವೆ. ಅದರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಕಣ್ಣು ಮುಚ್ಚಿ ದೆಬೋದ್ ಅನ್ನುತ್ತೇನೆ. ಗುಡಿಯ ಮೇಲೆ ಬಿಸಿಲು ಹತ್ತುವುದನ್ನು, ಇಳಿಯುವುದನ್ನು, ಗಾಳಿ ಬೀಸುವುದನ್ನು ನೋಡಬಹುದಾದದ್ದು ಅಲ್ಲಿ ಮಾತ್ರ. ಅದರ ಸುತ್ತ ಮಕ್ಕಳು ಚೆಂಡು ಆಡುತ್ತಾರೆ, ಜನ ಬುತ್ತಿ ಬಿಚ್ಚುತ್ತಾರೆ.

ಆದರೆ ಈ ಸುಖಕ್ಕೆ ಗುಡಿ ಬೆಲೆ ಕೊಡುತ್ತಿದೆ, ಅದನ್ನು ಮುಚ್ಚಿಡಲಾರೆ. ಈಜಿಪ್ಟಿನಿಂದ ಹೊರಗೆ ಹೋದ ಈ ನಾಲ್ಕರಲ್ಲಿ ಬಯಲಿನಲ್ಲಿ ನಿಂತಿರುವುದು ಇದೊಂದೇ. ಒಣ ಸೀಮೆಯ ಕಲ್ಲು ಈಗ ಮ್ಯಾಡ್ರಿಡ್‌ನ ಮಳೆ, ಚಳಿಗಾಲದ ಹಿಮ, ವಾಹನಗಳ ಹೊಗೆ, ಪಾರಿವಾಳ ಎಲ್ಲವನ್ನೂ ತಡೆದುಕೊಳ್ಳಬೇಕು. ಮೇಲೆ ಮಾಡು ಕಟ್ಟಬೇಕು, ಗಾಜು ಹಾಕಬೇಕು ಎಂದು ತಜ್ಞರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ನನಗೂ ಮುಚ್ಚುವುದೇ ಸರಿ ಅನ್ನಿಸುತ್ತದೆ, ನಾನು ಮೆಚ್ಚಿದ ಆ ಬೆಳಗಿನ ಬಿಸಿಲು ಅದರಿಂದ ಹೋದರೂ ಪರವಾಗಿಲ್ಲ. ಅಲ್ಲಿಯವರೆಗೆ ಹೋಗುವವರು ಗೋಡೆ ಮುಟ್ಟಬೇಡಿ, ಒರಗಿ ಫೋಟೊ ತೆಗೆಸಿಕೊಳ್ಳಬೇಡಿ.

ಈಜಿಪ್ಟಿಗೇ ಹೋಗುವ ಯೋಜನೆ ಇದ್ದರೆ ಮಾತು ಬೇರೆ. ಅಸ್ವಾನ್ ಹತ್ತಿರದ ಫಿಲೆ ಗುಡಿಯೂ ಜಾಗ ಬದಲಿಸಿದ್ದೇ, ಪಕ್ಕದ ಅಗಿಲ್ಕಿಯಾ ದ್ವೀಪಕ್ಕೆ. ಕೆಲಸ ಮುಗಿದದ್ದು 1980ರಲ್ಲಿ. ದೋಣಿಯಲ್ಲಿ ಹೋಗಬೇಕು. ದೆಬೋದ್, ದೆಂದೂರ್ ಎರಡರಲ್ಲೂ ಕಾಣುವ ಐಸಿಸ್‌ನ ದೊಡ್ಡ ಮನೆ ಅದು. ಅದನ್ನು ಮೊದಲು ನೋಡಿದವರಿಗೆ ದೆಬೋದ್ ಪುಟ್ಟದಾಗಿ ಕಂಡೀತು. ದೆಬೋದ್ ಮೊದಲು ನೋಡಿ ಆಮೇಲೆ ಫಿಲೆಗೆ ಹೋದರೆ ಮಾತ್ರ ಎರಡೂ ರುಚಿಸುತ್ತವೆ.

ಮ್ಯಾಡ್ರಿಡ್‌ಗೆ ಹೋಗುವವರಿಗೆ ಇನ್ನೊಂದು ಮಾತು. ಗುಡಿ ನಿಂತಿರುವ ಪ್ರಿನ್ಸಿಪೆ ಪಿಯೊ ದಿಬ್ಬದಲ್ಲಿ 1808ರ ಮೇ 3ರ ನಸುಕಿನಲ್ಲಿ ನೆಪೋಲಿಯನ್ ಸೈನಿಕರು ಊರಿನ ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಸ್ಪೇನ್‌ನ ಚಿತ್ರಕಾರ ಗೋಯಾ ಬರೆದ ಪ್ರಸಿದ್ಧ ಚಿತ್ರ ಅದರದ್ದೇ, ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8ರ ತನಕ ಅಲ್ಲಿ ಪ್ರವೇಶ ಉಚಿತ. ಬೆಳಗ್ಗೆ ದೆಬೋದ್ ಮುಗಿಸಿ ಸಂಜೆ ಅಲ್ಲಿಗೆ ಹೋಗಿ. ಚಿತ್ರದಲ್ಲಿ ಬಿಳಿ ಅಂಗಿಯವನು ಎರಡೂ ಕೈ ಎತ್ತಿ ನಿಂತಿದ್ದಾನೆ. ಬೆಳಗ್ಗೆ ನೀವು ನಡೆದಾಡಿದ್ದು ಅದೇ ದಿಬ್ಬದ ಮೇಲೆ.